ಡಾಲ್ಫಿನ್ನಿನ ಐದು ಬೆರಳು

ಕೋಥರೂಡ, ಪುಣೆ
ಮಂಗಳವಾರ

ಅಪ್ಪನವರಿಗೆ ಸುವರ್ಣಾಳ ನಮಸ್ಕಾರ. ಕಾಲೇಜಿನ ಮ್ಯೂಸಿಯಮ್ಮಿನ ಕೆಲಸ ನನಗೇ ಸಿಕ್ಕಿತು! ಫೋನಿನಲ್ಲಿ ಹೇಳಿದರೆ ಅತ್ತುಬಿಡುತ್ತೇನೆಂದು ಕಾರ್ಡು ಬರೆದೆ.

ಸಂದರ್ಶನಕ್ಕೆ ಬಂದವರೆಲ್ಲ ಡಿಗ್ರಿಯವರು, ನಾನೊಬ್ಬಳೇ ಪಿಯುಸಿ. ದೇಶಪಾಂಡೆ ಮೇಡಂ ಒಂದು ತಟ್ಟೆ ತುಂಬ ಎಲುಬು ಇಟ್ಟು, ಡಾಲ್ಫಿನ್ನಿನ ಈಜುರೆಕ್ಕೆ ಜೋಡಿಸಲು ಹೇಳಿದರು. ನಾನು ಡಾಲ್ಫಿನ್ ನೋಡಿದವಳೇ ಅಲ್ಲ. ಆದರೆ ಎಲುಬು ಕೈಗೆತ್ತಿಕೊಂಡ ಕೂಡಲೇ, ಎತ್ತಿನ ಮುರಿದ ಮುಂಗಾಲನ್ನು ನೀವು ಕೂಡಿಸುವಾಗ ನನ್ನಿಂದ ಹಿಡಿಸಿದ್ದು ನೆನಪಾಯಿತು. ಮೇಲೆ ಒಂದು, ಕೆಳಗೆ ಎರಡು, ಆಮೇಲೆ ಹರಳಿನಂಥ ಸಣ್ಣ ಎಲುಬುಗಳು. ಹಾಗೆಯೇ ಇಟ್ಟೆ. ಕೊನೆಗೆ ಐದು ಬೆರಳು ಬಂದವು, ನನ್ನ ಕೈಯಂತೆಯೇ!

"ಯಾರು ಕಲಿಸಿದ್ರವಾ ನಿನಗ?" ಮೇಡಂ ಧಾರವಾಡದ ಕಡೆಯವರೇ ಅಂತೆ, ನಮ್ಮ ಮಾತಿನಲ್ಲೇ ಕೇಳಿದರು.

"ನಮ್ಮಪ್ಪಾರಿ. ದನದ ಎಲುಬು ಕೂಡಸ್ತಾರ್ರಿ."

ಅವರು ಬಾವಲಿಯ ರೆಕ್ಕೆ ತೋರಿಸಿದರು. ಅದರಲ್ಲೂ ಅದೇ ಜೋಡಣೆ, ಬೆರಳು ಮಾತ್ರ ಕೊಡೆಯ ಕಡ್ಡಿಯಂತೆ ಉದ್ದ. "ಭಾಳ ಹಿಂದ ಇವಕ್ಕೆಲ್ಲಾ ಮೂಲ ಒಂದ ಇತ್ತು. ಈಜೋದಕ್ಕ, ಹಾರೋದಕ್ಕ, ಓಡೋದಕ್ಕ ಅದ ಕೈ ಬದಲಾಗ್ಯದ. ಈ ಎಲುಬ ಅದಕ್ಕ ಸಾಕ್ಷಿ," ಎಂದರು.

ನನ್ನ ಕೆಮ್ಮು ಕಡಿಮೆಯಾಗಿದೆ. ಇಲ್ಲಿ ಮೆಸ್ಸಿನವರು ಪಲ್ಯಕ್ಕೂ ಬೆಲ್ಲ ಹಾಕುತ್ತಾರೆ, ಅವ್ವನಿಗೆ ಹೇಳಿ ಕೆಂಪು ಚಟ್ನಿ ಕಳಿಸಿ. ಕಳಿಸುವುದೇಕೆ, ನೀವೇ ತನ್ನಿ. ಬರುವ ತಿಂಗಳು ವಿದ್ಯಾರ್ಥಿಗಳಿಗೆ ಎತ್ತಿನ ಕಾಲಿನ ಪಾಠ ನೀವು ಹೇಳಬೇಕಂತೆ. ಮೇಡಂ ಆಗಲೇ ನೋಟಿಸ್ ಬೋರ್ಡಿನಲ್ಲಿ ನಿಮ್ಮ ಹೆಸರು ಬರೆದುಬಿಟ್ಟಿದ್ದಾರೆ: ಬಾಳಪ್ಪ ಸರ್!

ಅವಸರದಲ್ಲಿ,
ಸುವರ್ಣಾ