ಅಕ್ಕನ ನೀರು

ಜೂನ್ 10, ಸೋಮವಾರ. ಚನ್ನಗಿರಿ

…ಅಪಾಯ ಸಾವಿರಕ್ಕೆ ಒಬ್ಬರಿಗೆ ಅಂದರೋ, ಇಬ್ಬರಿಗೆ ಅಂದರೋ. ಡಾಕ್ಟರು ಹೇಳಿದ್ದು ಬಸ್ಸು ಇಳಿಯುವುದರೊಳಗೆ ಅರ್ಧ ಮರೆತುಹೋಗಿದೆ. ಆಂಜಿಯೋಗ್ರಾಂ ದಿನಾ ಮಾಡುವಂಥದ್ದು. ಮಣಿಕಟ್ಟಿನಿಂದ ಸಣ್ಣ ನಳಿಗೆ, ಹೃದಯದವರೆಗೆ. ಅಪರೂಪಕ್ಕೆ ರಕ್ತಸ್ರಾವ. ಇನ್ನೂ ಅಪರೂಪಕ್ಕೆ ಪಾರ್ಶ್ವವಾಯು. ಅಕ್ಕನ ವಿಷಯದಲ್ಲಿ ಅವರಿಗೆ ಚಿಂತೆ ಕಿಡ್ನಿಯದು — ಶುಗರಿನಿಂದ ಮೊದಲೇ ಸೋತಿದೆ, ನಳಿಗೆಯಲ್ಲಿ ಬಿಡುವ ಡೈ ಅದಕ್ಕೆ ಭಾರ. ಹೃದಯದ ಪಂಪಿಂಗ್ ಕಡಿಮೆ, ಡ್ರಿಪ್ ಹೆಚ್ಚು ಏರಿಸುವಂತಿಲ್ಲ. ಹಾಗಾಗಿ ಆದಮೇಲೆ ಡೈ ತೊಳೆದುಹೋಗಲು ಬಾಯಲ್ಲೇ ನೀರು ಕುಡಿಯಬೇಕು. ಸ್ವಲ್ಪ ಸ್ವಲ್ಪ, ಬಿಡದೆ.

ಕಾಲೇಜಿಗೆ ರಜೆ ಬರೆದುಕೊಟ್ಟೆ. ಹೊನ್ನಾಳಿಗೆ, ಅಕ್ಕನಿಗೆ ಫೋನ್.

"ಎದೆಗೆ ವೈರ್ ಹಾಕ್ತಾರಂತೆ, ಹೌದೇನೋ ಗುರು? ಕರೆಂಟ್ ಹೋದ್ರೆ?"

"ಜನರೇಟರ್ ಐತೆ ಅಕ್ಕ."

"ನಿಮ್ಮ ಭಾವನೂ ಮಿಲ್ಲಿಗೆ ಜನರೇಟರ್ ಐತೆ ಅಂತಿದ್ರು. ಒಂದಿನ ಶುರು ಆಗಿದ್ದು ಕಾಣೆ."

ನಕ್ಕಳು. ನಾನು ನಕ್ಕೆನೋ ಇಲ್ಲವೋ.

ಜೂನ್ 11, ಮಂಗಳವಾರ. ದಾವಣಗೆರೆ, ಆಸ್ಪತ್ರೆ

ಬೆಳಿಗ್ಗೆ ನರ್ಸ್ ಅಕ್ಷಿತಾ ಬಂದಳು. "ಅಮ್ಮ, ಬಳೆ, ಓಲೆ, ಕೊರಳಾಗಿರೋದು ಎಲ್ಲಾ ತೆಗೀರಿ."

ಬಳೆ ತೆಗೆದಳು. ಓಲೆ ತೆಗೆದಳು. ಇಷ್ಟಲಿಂಗವಿಟ್ಟ ಕರಡಿಗೆ ತೆಗೆಯಲು ಬಹಳ ಹೊತ್ತು ಹಿಡಿಯಿತು. ಗಂಟು ಬಿಚ್ಚಲಾಗದೆ ಅಲ್ಲ. ಕೊನೆಗೆ ನನ್ನ ಕೈಗಿಟ್ಟಳು. ನನ್ನ ಕೊರಳಲ್ಲಿ ವರ್ಷಗಳಿಂದ ಏನೂ ಇಲ್ಲ. ಅವಳಿಗೆ ಗೊತ್ತು. ಎಂದೂ ಕೇಳಿಲ್ಲ.

ಬೆಳ್ಳಿ ಕರಡಿಗೆ. ವಾರ್ಡಿನಲ್ಲಿ ಕಳ್ಳರ ಮಾತು. ಅಕ್ಕನ ಮಗಳು ಸಂಧ್ಯಾರಾಣಿ ಮಧ್ಯಾಹ್ನದ ಬಸ್ಸಿಗೆ ಹೊನ್ನಾಳಿಗೆ ಹೊರಟಿದ್ದಳು. ಅವಳ ಕೈಲಿ ಕಳಿಸಿದೆ, ದೇವರ ಮನೆಯಲ್ಲಿಡು ಅಂದೆ. ನಿರಾಳವಾಯಿತು.

ಸಂಜೆ — ಎಲ್ಲ ಸಲೀಸು. ಎರಡು ಕಡೆ ಬ್ಲಾಕ್ ಇದೆ, ಸದ್ಯಕ್ಕೆ ಮಾತ್ರೆ ಸಾಕಂತೆ. ಬಲ ಮಣಿಕಟ್ಟಿಗೆ ಬಿಗಿ ಪಟ್ಟಿ. ನೀರಿನ ಬಾಟಲಿ ತಂದಿಟ್ಟೆ.

"ಲಿಂಗ ಎಲ್ಲೈತೋ?"

"ಮನೆಗೆ ಕಳಿಸೀನಿ. ಜೋಪಾನ ಇರ್ಲಿ ಅಂತ."

ನಾನು ಕಾಫಿ ಕುಡಿದು ಬಂದಾಗ ಬಾಟಲಿ ಖಾಲಿ. "ಪೂರ್ತಿ ಕುಡಿದ್ರಾ? ಶಾಣ್ಯಾ ಇದೀರಿ ಅಮ್ಮ" ಅಂದಳು ಅಕ್ಷಿತಾ. ಅಕ್ಕ ಕಿಟಕಿ ಕಡೆ ನೋಡುತ್ತಿದ್ದಳು. ಇನ್ನೊಂದು ತಂದಿಟ್ಟೆ. ಅದೂ ಖಾಲಿಯಾಯಿತು.

ಜೂನ್ 12, ಬುಧವಾರ

ಸಂಧ್ಯಾರಾಣಿ ಮೊದಲ ಬಸ್ಸಿಗೇ ಬಂದಳು. ರಾತ್ರಿ ಅಕ್ಕ ಯಾರದೋ ಫೋನಿನಿಂದ ಹೇಳಿದ್ದಳಂತೆ, ಲಿಂಗ ತಗೊಂಡು ಬಾ ಅಂತ. ಅಕ್ಕ ಮಂಚದ ಮೇಲೆ ಕೂತು ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮುಗಿಸಿದಳು. ಆಮೇಲೆ ಚೊಂಬೆತ್ತಿದಳು. ಗುಟುಕಿನ ನಡುವೆ ಉಸಿರಿಗೂ ಬಿಡಲಿಲ್ಲ. ಗದ್ದದಿಂದ ನೀರು ಸೋರಿ ಸೀರೆ ತೊಯ್ದಿತು. ಆಗ ತಿಳಿಯಿತು.

"ನಿನ್ನೆ ಕುಡಿದಿದ್ದು?"

"ಲಿಂಗ ಮೈಮ್ಯಾಲೆ ಇಲ್ದಾಗ ನಾನು ಯಾವತ್ತು ನೀರು ಮುಟ್ಟೀನಿ?"

"ಮತ್ತೆ ಬಾಟಲಿ?"

"ಆ ನರ್ಸ್ ಹುಡುಗಿ ಪಾಪ ಮ್ಯಾಲಿಂದ ಮ್ಯಾಲೆ ಬಂದು ನೋಡ್ತಿತ್ತು. ಬಚ್ಚಲಿಗೆ ಹಾಕ್ದೆ."

"ನನಗೆ ಹೇಳಾಕೆ ಏನಾಗಿತ್ತು?"

"ಹೇಳಿದ್ರೆ ನೀನು ಹೊನ್ನಾಳಿಗೆ ಓಡ್ತಿದ್ದೆ. ನಿನ್ನ ಮೊಣಕಾಲು ನೋವು ನನಗೆ ಗೊತ್ತಿಲ್ವಾ?"

ರೌಂಡ್ಸಿಗೆ ಬಂದ ಡಾಕ್ಟರು ಕೇಳಿದರು, ನೀರು ಚೆನ್ನಾಗಿ ಕುಡಿದಿದ್ದಾರಾ. ಅಕ್ಕ ನನ್ನ ಮುಖ ನೋಡಿದಳು. ಹೂಂ ಅಂದೆ. ಅವಳ ಮರ್ಯಾದೆ ಉಳಿಸಿದೆ ಅಂದುಕೊಂಡೆ.

ಡಿಸ್ಚಾರ್ಜ್. ಎರಡು ದಿನ ಬಿಟ್ಟು ಕಿಡ್ನಿಗೆ ರಕ್ತ ಪರೀಕ್ಷೆ.

ಜೂನ್ 16, ಭಾನುವಾರ. ಹೊನ್ನಾಳಿ

ಅಕ್ಕ ಪರೀಕ್ಷೆ ಮಾಡಿಸಿಲ್ಲ. ನ್ಯಾಮತಿಯಲ್ಲಿ ಮದುವೆಯಿತ್ತು, ಮುಗಿಸಿಕೊಂಡು ನೋಡೋಣ ಅಂದಳಂತೆ. ನಾನೂ ಫೋನ್ ಮಾಡಲಿಲ್ಲ. ಈಗ ಪಾದ ಬಾತಿದೆ. ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತದೆ. ಮೂತ್ರ ನಿನ್ನೆಯಿಂದ ಇಲ್ಲವೆನ್ನುವಷ್ಟು. ಕಾರು ಬಂತು —

ಜೂನ್ 17, ಸೋಮವಾರ. ದಾವಣಗೆರೆ

ಕಿಡ್ನಿ ಕೈಕೊಟ್ಟಿದೆ. ನಾಳೆ ಡಯಾಲಿಸಿಸ್. ಕೆಲವರದು ವಾರ ಕಳೆದ ಮೇಲೆ ತಾನಾಗಿ ಚೇತರಿಸುತ್ತದಂತೆ. ಕೆಲವರದು ಇಲ್ಲ.

ಡಾಕ್ಟರಿಗೆ ಹೇಳಿದೆ. ಬಾಟಲಿ, ಬಚ್ಚಲು, ನನ್ನ ಹೂಂ. ಅವರು ಪೆನ್ನು ಕೆಳಗಿಟ್ಟರು.

"ಕುಡಿದಿದ್ರೂ ಆಗಬಹುದಿತ್ತು ಸರ್. ಕುಡಿದಿದ್ರೆ ಆಗ್ದೇನೂ ಇರಬಹುದಿತ್ತು. ಹಿಂಗೇ ಅಂತ ಹೇಳಾಕೆ ಬರಲ್ಲ." ಸ್ವಲ್ಪ ತಡೆದು, "ಅವತ್ತೇ ಹೇಳಿದ್ರೆ ಮನೆಗೆ ಕಳಿಸ್ತಿರಲಿಲ್ಲ."

ಕಾರಿಡಾರಿನಲ್ಲಿ ಕೂತೆ. ಎದುರು ಗೋಡೆಗೆ ಹಸಿರು ಬಣ್ಣ. ಸೊಂಟದವರೆಗೆ ಮಾತ್ರ.

ಈಗ ನೀರು ಅಳತೆಯಲ್ಲಿ. ಮಾತ್ರೆಗೆ ಬೇಕಾದ್ದೂ ಸೇರಿ ದಿನಕ್ಕೆ ಎರಡು ಲೋಟ. ಅದರ ಮೇಲೆ ಹೋದರೆ ಶ್ವಾಸಕೋಶಕ್ಕೆ ತುಂಬುತ್ತದೆ. ಲಿಂಗ ಕೊರಳಲ್ಲೇ ಇದೆ. ತುಟಿ ಸಿಪ್ಪೆ ಎದ್ದಿದೆ.

"ಅವತ್ತು ಕುಡಿ ಕುಡಿ ಅಂದ್ರಿ. ಇವತ್ತು ಬ್ಯಾಡ ಅಂತೀರಿ. ಒಂದು ಮಾತಿನ ಮ್ಯಾಲೆ ನಿಲ್ರಪ್ಪ."

ಸಂಧ್ಯಾರಾಣಿ ನಕ್ಕಳು. ಎದ್ದು ಹೊರಗೆ ಹೋದಳು. ಬರುವಾಗ ಮುಖ ತೊಳೆದಿದ್ದಳು.

ಜೂನ್ 18, ಮಂಗಳವಾರ. ಸಂಜೆ

ಡಯಾಲಿಸಿಸ್ ನಡುವೆ ಬಿಪಿ ಕುಸಿಯಿತು. ಐಸಿಯು. ಮಂಪರಿನಲ್ಲಿದ್ದಾಳೆ. ರಾತ್ರಿ ಕಳೆಯಲಿ, ನೋಡೋಣ ಅಂದರು. ಒಳಗೆ ಒಬ್ಬರನ್ನೇ ಬಿಡುತ್ತಾರೆ.

"ನೀವೇ ಹೋಗ್ರಿ ಮಾವ" ಅಂದಳು ಸಂಧ್ಯಾರಾಣಿ. "ಅವ್ವ ನೀರು ಕೇಳಿದ್ರೆ ನಾನು ಕೊಟ್ಟುಬಿಡ್ತೀನಿ."

ಚಪ್ಪಲಿ ಬಿಟ್ಟು ಬಾಗಿಲ ಬಳಿ ಕೂತಿದ್ದೇನೆ. ಕರೆಯುತ್ತಾರಂತೆ. ಅಕ್ಕ, ನೀನು ಕಣ್ಣು ಬಿಟ್ಟು ಗುಟುಕು ನೀರು ಕೊಡೋ ಗುರು ಅಂದರೆ, ಯಾವ ಬಾಯಿಂದ ಬೇಡ ಅನ್ನಲಿ?