ಒಬ್ಬನಿಗೆ ಒಬ್ಬಳೇ ವಿಧವೆ

ನವೆಂಬರ್ 30, 2020. ಸೋಮವಾರ, ಬೆಳಿಗ್ಗೆ

ಹಾಲು ಕಾಯಿಸಿದೆ. ಶನಿವಾರದ ಪೇಪರನ್ನು ಇನ್ನೊಮ್ಮೆ ಓದಿದೆ. ದೇಶದ ಆದಾಯ ಸತತ ಎರಡನೇ ಸಲ ಕುಸಿದಿದೆ. ಇದನ್ನು ‘ತಾಂತ್ರಿಕ ಹಿಂಜರಿತ’ ಎನ್ನಬೇಕಂತೆ. ನಮ್ಮ ಶಾಲೆಯ ಕಾರ್ಯದರ್ಶಿಗೆ ಅಂಥ ಒಳ್ಳೆಯ ಪದ ಗೊತ್ತಿಲ್ಲ. ಫೋನಿನಲ್ಲಿ, “ವಿದ್ಯಾವತಿ ಅಕ್ಕೋರೆ, ಇನ್ನ ಮನ್ಯಾಗೇ ಆರಾಮ ಇರ್ರಿ” ಅಂದರು. ಮಾರ್ಚಿನಿಂದ ಪಗಾರವಿಲ್ಲದೆ ಆರಾಮವಾಗಿಯೇ ಇದ್ದೆ. ಇವತ್ತಿನಿಂದ ಕೆಲಸವೂ ಇಲ್ಲ. ಖಾಸಗಿ ಶಾಲೆ, ಪೆನ್ಷನ್ನೂ ಇಲ್ಲ. ಬಸವಕಲ್ಯಾಣದ ಎರಡು ತಲೆಮಾರಿಗೆ ಕಾಗುಣಿತ ಕಲಿಸಿದವಳಿಗೆ ಒಂದು ಶಾಲೂ ಇಲ್ಲ.

ಪಕ್ಕದ ಮನೆಯ ಭುವನೇಶ್ವರಿ ಬಂದಿದ್ದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಕಂಪ್ಯೂಟರ್ ಅಂಗಡಿ ನಡೆಸುತ್ತಾಳೆ.

“ವಿಧವಾ ವೇತನಕ್ಕ ಅರ್ಜಿ ಹಾಕ್ರಿ ಅಕ್ಕೋರೆ. ನಾಚಿಕಿ ಯಾತರದು? ಹಕ್ಕಿನ ರೊಕ್ಕ.”

ನಾಚಿಕೆ ರೊಕ್ಕಕ್ಕಲ್ಲ. ಗಂಡ ನನ್ನನ್ನು ಬಿಟ್ಟು ಹೋದದ್ದು ತೊಂಬತ್ತಮೂರರಲ್ಲಿ. ಸತ್ತದ್ದು ಎರಡು ಸಾವಿರದ ಒಂಬತ್ತರಲ್ಲಿ — ಹುಮನಾಬಾದಿನಲ್ಲಿ, ಇನ್ನೊಬ್ಬಳ ಮನೆಯಲ್ಲಿ. ನನಗೆ ಸುದ್ದಿ ಬಂದದ್ದು ಮೂರನೇ ದಿನ. ಮಣ್ಣಾದ ಮೇಲೆ.

ಆದರೂ ಮರಣ ಪತ್ರ ತರಿಸು ಎಂದು ಹೇಳಿ ಕಳಿಸಿದೆ.

ಡಿಸೆಂಬರ್ 8, ಮಂಗಳವಾರ

ತಹಶೀಲ್ದಾರ ಕಚೇರಿಯಲ್ಲಿ ಗುಮಾಸ್ತ ಸತೀಶಕುಮಾರ, ಮಾಸ್ಕ್ ಮೂಗಿನ ಕೆಳಗೆ. ಮರಣ ಪತ್ರದ ನಂಬರ್ ಒತ್ತಿದ. ಮತ್ತೆ ಒತ್ತಿದ.

“ಹೋಗವಲ್ದು ನೋಡ್ರಿ ಅಕ್ಕೋರೆ. ಮಹಾರುದ್ರಪ್ಪ ಅವರಿಗೆ ಆಗಲೇ ಒಬ್ಬಾಕಿ ವಿಧವಾ ಇದ್ದಾಳ. ಜಿಜಾಬಾಯಿ, ಹುಮನಾಬಾದ. ಹನ್ನೊಂದು ವರ್ಷದಿಂದ ತಗೊಳ್ಳಾಕತ್ತಾಳ.”

“ಲಗ್ನ ಆದಾಕಿ ನಾನು.”

“ಇರಬಹುದ್ರಿ. ಆದ್ರ ಒಬ್ಬಾಂವಗ ಒಬ್ಬಾಕೇ ವಿಧವಾ. ಸಿಸ್ಟಮ್ ಇನ್ನೊಬ್ಬಾಕಿನ್ನ ತಗೊಳ್ಳಂಗಿಲ್ಲ.”

ಸಾಲಿನಲ್ಲಿ ಹಿಂದೆ ನಿಂತಿದ್ದ ಹಜಿರಾ ಬೀ ಎಲ್ಲರಿಗೂ ಕೇಳುವಂತೆ ಅಂದಳು: “ಅರೇ, ಜಿಂದಾ ಇದ್ದಾಗ ಇಬ್ಬರನ್ನ ಸಾಕ್ಯಾನ ಗಂಡಸು. ಸತ್ತ ಮ್ಯಾಲೆ ಸರ್ಕಾರಕ್ಕ ಯಾಕಪ್ಪಾ ತ್ರಾಸು?”

ಕಚೇರಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಸಾಕಿದ್ದಂತೂ ಸುಳ್ಳು.

ಸತೀಶಕುಮಾರ ದನಿ ತಗ್ಗಿಸಿದ. ಮೇಲಿನಿಂದ ಹಣ ಬಂದಿಲ್ಲ. ಹಳೆಯ ಹೆಸರು ತೆಗೆದರಷ್ಟೇ ಹೊಸ ಹೆಸರಿಗೆ ಜಾಗ. “ಯಾರಿದು ತೆಗೀಬೇಕು ಅಂತ ನಾವ ಹುಡುಕಾಕತ್ತೇವಿ. ನೀವು ಒಂದು ತಕರಾರು ಕೊಟ್ರಿ ಅಂದ್ರ ವಿಚಾರಣಿ ಆಗೋತನಕ ಆಕಿದು ಬಂದ್.”

ಕೊಟ್ಟೆ. ಪೆನ್ನು ಕಾಗದ ಹರಿಯುವಷ್ಟು ಒತ್ತಿ ಸಹಿ ಮಾಡಿದೆ.

ಡಿಸೆಂಬರ್ 9, ಮಧ್ಯಾಹ್ನ

ಊಟ ಸೇರಲಿಲ್ಲ. ಹನ್ನೊಂದು ವರ್ಷ! ನಾನು ಹಣೆಗೆ ವಿಭೂತಿ ಮಾತ್ರ ಹಚ್ಚಿಕೊಂಡು, ಬಳೆಯನ್ನು ನಾನೇ ಬಿಚ್ಚಿ ಡಬ್ಬಿಯಲ್ಲಿಟ್ಟು, ವಿಧವೆಯೆಂದುಕೊಂಡು ಬದುಕಿದ ಹನ್ನೊಂದು ವರ್ಷವೂ ಸರ್ಕಾರದ ಕಣ್ಣಿನಲ್ಲಿ ಆತನ ವಿಧವೆ ಅವಳು. ನಾನು ಯಾರು? ಯಾರೂ ಅಲ್ಲ. ಅವಳ ಬಳೆಗಳನ್ನು ಹೆಣದ ಮುಂದೆ ನಾಲ್ಕು ಜನ ಸೇರಿ ಒಡೆದಿರುತ್ತಾರೆ. ಆಕೆಗೆ ಅಳಲು ಹೆಣವಾದರೂ ಇತ್ತು.

ವಿಧವೆ — ಯಾರಿಗೂ ಬೇಡವಾದ ಪದ ಅದು. ಹಬ್ಬದ ದಿನ ಎದುರಿಗೆ ಬಂದರೆ ಜನ ಮುಖ ತಿರುಗಿಸುವ ಪದ. ಅದನ್ನೂ ನನ್ನಿಂದ ಕಿತ್ತುಕೊಂಡಳು.

ಸರ್ಕಾರದ ಮೇಲೂ ಸಿಟ್ಟು. ಎಪ್ಪತ್ತೆರಡರ ಬರದಲ್ಲಿ ಅವ್ವನ ಸೆರಗು ಹಿಡಿದು ಕೆಂಪು ಜೋಳದ ಸಾಲಿನಲ್ಲಿ ನಿಂತದ್ದು ನೆನಪಿದೆ. ಹಂಚುವವನು ಪ್ರತಿಯೊಬ್ಬರನ್ನೂ ಕೇಳುತ್ತಿದ್ದ, “ಮನ್ಯಾಗ ದುಡಿಯೋ ಗಂಡಸು ಇಲ್ಲೇನು?” ಅವ್ವ ಇದ್ದ ಅಪ್ಪನನ್ನು ಇಲ್ಲವೆಂದಳು. ತೊಂಬತ್ತೊಂದರಲ್ಲೂ ಖಜಾನೆ ಖಾಲಿ ಎಂದರು, ಎರಡು ಸಾವಿರದ ಎಂಟರಲ್ಲೂ. ಪ್ರತಿ ಸಲವೂ ಖಜಾನೆ ಖಾಲಿಯಾದಾಗ ಮೊದಲು ಕೇಳುವುದು ಹೆಂಗಸರನ್ನೇ: ನಿನ್ನ ಗಂಡ ಯಾರು, ಎಲ್ಲಿದ್ದಾನೆ, ನಿಜವಾಗಿ ಸತ್ತನೇ? ಶರಣರ ಊರಿದು. ಇಲ್ಲಿ ದಾಸೋಹದ ಪಂಕ್ತಿಯಲ್ಲಿ ಕೂತವಳನ್ನು ನೀನು ಯಾರ ಹೆಂಡತಿ ಎಂದು ಯಾರೂ ಕೇಳಿದ್ದಿಲ್ಲ.

ಡಿಸೆಂಬರ್ 24, ಗುರುವಾರ

ಭುವನೇಶ್ವರಿ ತನ್ನ ಅಂಗಡಿಯಲ್ಲಿ ನೋಡಿ ಹೇಳಿದಳು — ಜಿಜಾಬಾಯಿಗೆ ಈ ತಿಂಗಳು ಬಂದಿಲ್ಲ. ‘ತಡೆಹಿಡಿಯಲಾಗಿದೆ.’

“ಪಾಪ ಅನಸ್ತದ ನೋಡ್ರಿ ಅಕ್ಕೋರೆ.”

ನನಗೆ ಅನಿಸಲಿಲ್ಲ. ಒಂದು ರೊಟ್ಟಿ ಹೆಚ್ಚು ತಿಂದೆ.

ಜನವರಿ 6, 2021. ಬುಧವಾರ. ಹುಮನಾಬಾದಿನಿಂದ ಬಂದು

ವಿಚಾರಣೆಗೆ ಅಲ್ಲಿನ ಕಚೇರಿಗೆ ಕರೆದಿದ್ದರು. ಬಸ್ಸಿನಲ್ಲಿ ರಾಜೇಶ್ವರ ಊರು ದಾಟುವವರೆಗೂ ಲಗ್ನದ ಫೋಟೋವನ್ನು ತೊಡೆಯ ಮೇಲೆ ಹಿಡಿದು ಕೂತಿದ್ದೆ. ಜಿಜಾಬಾಯಿಯನ್ನು ನೋಡಿದ್ದು ಒಂದೇ ಸಲ, ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ, ಬಹಳ ಹಿಂದೆ. ಆತ ಧಾನ್ಯದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಅವಳು ಅಲ್ಲಿಗೆ ಕಂಬಳಿ ಮಾರಲು ಬರುತ್ತಿದ್ದ ಕುರಿಗಾರರ ಹುಡುಗಿ. ನನ್ನ ನೆನಪಿನಲ್ಲಿ ಎತ್ತರದವಳು, ನಗುವವಳು. ಇವತ್ತು ಬಂದವಳು ನನ್ನ ಹೆಗಲಿಗೂ ಬರುವುದಿಲ್ಲ. ಇಷ್ಟು ಸಣ್ಣ ಹೆಂಗಸನ್ನು ಇಷ್ಟು ವರ್ಷ ದ್ವೇಷಿಸಿದೆನೇ ಎಂದು ಅದಕ್ಕೂ ಸಿಟ್ಟು ಬಂತು.

ಬೆಂಚಿನ ತುದಿಗೆ ಸರಿದಳು. “ಕೂಡ್ರಿ ಅಕ್ಕೋರೆ. ದೂರದಿಂದ ಬಂದೀರಿ.”

ಅಕ್ಕೋರೆ! ಅದು ಶಾಲೆಯ ಅಕ್ಕೋರೋ, ಸವತಿ ಅಕ್ಕನೋ? ನಿಂತೇ ಇದ್ದೆ.

ಶಿರಸ್ತೇದಾರ ಅಜೀತ ಒಳಗೆ ಕರೆದ. ಸಣ್ಣ ವಯಸ್ಸು, ದಣಿದ ಕಣ್ಣು. ಇಬ್ಬರನ್ನೂ ಕೇಳಿದ: “ಏನಾಗಿ ಸತ್ರು?”

ನನಗೆ ತಾರೀಖು ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ.

“ಸಕ್ರಿ ಬ್ಯಾನಿರಿ,” ಅಂದಳು ಅವಳು. “ಮೊದಲ ಬೆರಳು ತೆಗೆದ್ರು. ಆಮ್ಯಾಲ ಮೊಣಕಾಲತನಕ ತೆಗೆದ್ರು. ನಾಲ್ಕು ವರ್ಷ ನಾನೇ ಎತ್ತಿ ಕುಂದರಸ್ತಿದ್ದೆ.”

ಆತನಿಗೆ ಒಂದು ಕಾಲಿರಲಿಲ್ಲ. ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ನಾನು ಸಿಟ್ಟಿನಿಂದ ನೆನೆದಾಗೆಲ್ಲ ಆತ ಎರಡೂ ಕಾಲಿನಲ್ಲಿ ಬಿರಬಿರನೆ ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋಗುತ್ತಿದ್ದ. ಆ ಇಲ್ಲದ ಕಾಲಿನ ಬಗ್ಗೆಯೂ ಹೊಟ್ಟೆ ಉರಿಯಿತು. ಅದೂ ಅವಳಿಗೇ ಸೇರಿದ್ದು.

ಅಜೀತ ಫೋಟೋ ನೋಡಿದ. ಕಾನೂನಿನ ಪ್ರಕಾರ ಹೆಂಡತಿ ನಾನೇ ಎಂದ. ಆದರೆ ಇಬ್ಬರಿಗೂ ರೊಕ್ಕ ಸಿಗುವ ದಾರಿಯೊಂದಿದೆ. ಲಗ್ನವಾಗದವರಿಗೆ, ಗಂಡ ಬಿಟ್ಟವರಿಗೆ ಬೇರೆ ಸ್ಕೀಮು, ಅದರಲ್ಲಿ ಇನ್ನೂ ಜಾಗವಿದೆ. “ರೊಕ್ಕ ಅಷ್ಟೇ ಬರ್ತದ. ಹೆಸರು ಬ್ಯಾರೆ, ಇಷ್ಟೇ. ಇಬ್ಬರೊಳಗ ಒಬ್ಬರು ಬರಕೊಡ್ರಿ. ಇವರು ಲಗ್ನ ಆಗಿಲ್ಲ ಅಂತ, ಇಲ್ಲಾ ನೀವು ಗಂಡ ಬಿಟ್ಟಾನ ಅಂತ.”

ಜಿಜಾಬಾಯಿ ತಲೆ ಅಲ್ಲಾಡಿಸಿದಳು. “ಹಂಗ ಬರಕೊಟ್ಟು ಓಣ್ಯಾಗ ಹ್ಯಾಂಗ ಅಡ್ಡಾಡ್ಲಿರಿ ಸಾಹೇಬ್ರ?”

“ನಾನೂ ಬರಿಯಂಗಿಲ್ಲ,” ಅಂದೆ.

“ಹಂಗಾದ್ರ ವಿಚಾರ ಮಾಡ್ರಿ. ಇಪ್ಪತ್ತಕ್ಕ ಬರ್ರಿ. ಆವತ್ತೂ ಹಿಂಗೇ ಅಂದ್ರ ಇಬ್ಬರದೂ ಬಂದ್. ಹೆಸರು ಕಡಿಮಿ ಆದ್ರ ಮ್ಯಾಲಿನವರಿಗೆ ಖುಷಿನೇ.”

ಹೊರಡುವಾಗ ಹೆಬ್ಬೆಟ್ಟು ಒತ್ತಲು ಅವಳು ಕೈ ಚಾಚಿದಳು. ಮುಂಗೈಯ ಮೇಲೆ ಹಸಿರು ಹಚ್ಚೆ. ಹೆಸರು. ‘ಮಾಹಾರುದ್ರಪ್ಪ.’

ದೀರ್ಘ! ಆತ ತನ್ನ ಹೆಸರನ್ನೇ ಹಾಗೆ ಬರೆಯುತ್ತಿದ್ದ. ಲೆಕ್ಕದಲ್ಲಿ ಹುಲಿ, ಅಕ್ಷರದಲ್ಲಿ ಇಲಿ. ಒಂಬತ್ತು ವರ್ಷ ತಿದ್ದಿದೆ. ಹಚ್ಚೆ ಹಾಕುವವಳಿಗೆ ಅಕ್ಷರ ಬರೆದುಕೊಟ್ಟವನು ಆತನೇ. ಬೇರೆ ಯಾರೂ ಆ ತಪ್ಪು ಮಾಡುವುದಿಲ್ಲ.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಜನವರಿ 13, ಎಳ್ಳ ಅಮಾವಾಸ್ಯೆ

ಊರೆಲ್ಲ ಹಬ್ಬದೂಟಕ್ಕೆ ಹೊಲಕ್ಕೆ ಹೋಗಿದೆ. ನನಗೆ ಹೊಲವಿಲ್ಲ. ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಜಿಜಾಬಾಯಿ — ಕೈಯಲ್ಲಿ ಸೊಪ್ಪು-ಕಾಳು ಬೇಯಿಸಿದ ಹಬ್ಬದ ಭಜ್ಜಿಯ ಡಬ್ಬಿ, ಬಟ್ಟೆಯಲ್ಲಿ ಕಟ್ಟಿದ ಸಜ್ಜೆ ರೊಟ್ಟಿ.

“ಭುವನೇಶ್ವರಿಬಾಯಿ ಮನಿ ತೋರಿಸಿದ್ರು. ಬೈಯೋದಿದ್ರ ಒಳಗ ಕರದು ಬೈರಿ. ಕಾಲು ನೋಯಾಕತ್ತಾವ.”

ಕರೆದೆ. ಕರೆಯದೆ ಏನು ಮಾಡಲಿ, ಹಬ್ಬದ ದಿನ. ಭಜ್ಜಿ ಬಾಯಿಗೆ ಹಾಕಿಕೊಂಡೆ.

“ಹುಣಸಿ ಕಡಿಮಿ ಆಗ್ಯಾದ.”

ಅವಳು ಹಣೆ ಬಡಿದುಕೊಂಡು ನಕ್ಕಳು. “ಅವರೂ ಹಿಂಗೇ ಅಂತಿದ್ರು! ಪ್ರತಿ ಅಮವಾಸಿಗೂ ಅದೇ ಹಾಡು — ಹುಣಸಿ ಕಡಿಮಿ, ಅಕ್ಕೋರ ಕೈ ಭಜ್ಜಿನೇ ಬ್ಯಾರೆ. ಹದಿನಾರು ವರ್ಷ ನಮ್ಮನ್ಯಾಗ ಅಕ್ಕೋರು, ಅಕ್ಕೋರು. ನಿಮ್ಮ ಹೆಸರು ವಿದ್ಯಾವತಿ ಅಂತ ನನಗ ಗೊತ್ತಾಗಿದ್ದು ಕಚೇರ್ಯಾಗ. ನಾ ಎಷ್ಟು ಉರದೀನಿ, ನಿಮಗೇನು ಗೊತ್ತು!”

ಉರಿದಳಂತೆ. ಅವಳು! ನನ್ನನ್ನು ಕಂಡು! ಇಷ್ಟು ರುಚಿಯಾದ ಮಾತನ್ನು ಈ ವರ್ಷ ಯಾರೂ ಆಡಿರಲಿಲ್ಲ. ನನ್ನ ಎದುರಿಗೆ ಆತ ಒಂದು ದಿನವೂ ಆ ಭಜ್ಜಿಯನ್ನು ಹೊಗಳಲಿಲ್ಲ. ಇನ್ನೊಂದು ತುತ್ತು ತೆಗೆದುಕೊಂಡೆ.

“ಹಂಗಿದ್ರ ಯಾಕ ಬಿಟ್ಟು ಬಂದ?”

ಬಾಗಿಲ ಕಡೆ ನೋಡಿ ಹೇಳಿದಳು: “ತಿದ್ದಿಸಿಕೊಂಡು ಸಾಕಾಗಿತ್ತು ಅಂತಿದ್ರು. ನನಗ ಓದಾಕ ಬರಂಗಿಲ್ಲಲ್ಲ. ಅವರು ಬರೆದದ್ದೆಲ್ಲಾ ಸರೀನೇ.”

ತಪ್ಪನ್ನು ತಪ್ಪೆನ್ನದೆ ಏನೆನ್ನಬೇಕಿತ್ತು?

ಡಬ್ಬಿ ತೊಳೆದು ಕೊಟ್ಟೆ. ಖಾಲಿ ಡಬ್ಬಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿದೆ. ಸಕ್ಕರೆ ನೋಡಿ ಅವಳ ಮುಖ ಯಾಕೆ ಬಾಡಿತೆಂದು ಅವಳು ಓಣಿ ದಾಟಿದ ಮೇಲೆ ಹೊಳೆಯಿತು.

ಇಪ್ಪತ್ತರ ಮಾತನ್ನು ಇಬ್ಬರೂ ಎತ್ತಲಿಲ್ಲ.

ಜನವರಿ 20, ಬುಧವಾರ. ಸಂಜೆ

ಕ್ರಮವಾಗಿ ಬರೆಯಬೇಕು.

ಅಜೀತ ಕೇಳುವ ಮೊದಲೇ ಜಿಜಾಬಾಯಿ ಎದ್ದು ನಿಂತಳು. “ಬರಕೋರ್ರಿ ಸಾಹೇಬ್ರ. ಲಗ್ನ ಆಗಿಲ್ಲ. ನಾ ಅವರ ಮನ್ಯಾಗ ರೊಟ್ಟಿ ಬಡಿಯಾಕ ಇದ್ದಾಕಿ. ಕೆಲಸದಾಕಿ.”

ನೆಲ ನೋಡಿ ಹೇಳಿದಳು. ಅಜೀತ ಪೆನ್ನು ತೆಗೆದ. ನಾನು ಗೆದ್ದಿದ್ದೆ. ವಿಧವೆ ಎಂಬ ಪದ ನನ್ನದಾಯಿತು.

ಆಗ ಬಂತು ಸಿಟ್ಟು, ಕಾಲಿನಿಂದ ತಲೆಯವರೆಗೆ. ಕೆಲಸದವಳೇ? ರೊಟ್ಟಿ ಬಡಿಯುವವಳೊಬ್ಬಳಿಗಾಗಿ ನನ್ನನ್ನು ಬಿಟ್ಟನೇ? ಇಪ್ಪತ್ತೇಳು ವರ್ಷ ನಾನು ಉರಿದದ್ದು ಒಬ್ಬ ಅಡುಗೆಯವಳಿಗಾಗಿಯೇ? ಅಷ್ಟು ಅಗ್ಗವೇ ನನ್ನ ಉರಿ?

“ಸುಳ್ಳ ಹೇಳಬ್ಯಾಡ,” ಅಂದೆ. ತರಗತಿಯ ದನಿ ಅದು. ಬಾಗಿಲ ಹೊರಗಿನ ಸಾಲು ಕೂಡ ನೆಟ್ಟಗಾಯಿತು. “ಕೈ ತೋರಸು.”

ಅವಳು ಸೆರಗಿನಲ್ಲಿ ಮುಚ್ಚಿಕೊಂಡಳು. ನಾನೇ ಎಳೆದು ಮೇಜಿನ ಮೇಲೆ ಇಟ್ಟೆ.

“ಓದ್ರಿ ಸಾಹೇಬ್ರ.”

“ಮಹಾರುದ್ರಪ್ಪ.”

“ಸರಿಯಾಗಿ ಓದ್ರಿ. ಮಾ. ದೀರ್ಘ ಅದ. ಈ ಹೆಸರು ಹಿಂಗ ಬರಿಯೋ ಮನಷಾ ಈ ಜಿಲ್ಲಾದಾಗ ಒಬ್ಬಾಂವೇ ಇದ್ದ. ರೊಟ್ಟಿ ಬಡಿಯಾಕಿ ಕೈಮ್ಯಾಲೆ ಯಾರೂ ತಮ್ಮ ಕೈಯಾರೆ ಹೆಸರು ಬರಿಯಂಗಿಲ್ಲ. ಆಕಿ ಸಂಸಾರ ಮಾಡ್ಯಾಳ.”

“ಅಂದ್ರ… ನೀವು?”

“ನನ್ನ ಬಿಟ್ಟಿದ್ದ. ಬರಕೋರ್ರಿ.”

ಬರೆದ. ‘ಪರಿತ್ಯಕ್ತೆ’ಯನ್ನು ‘ಪರಿತ್ತೆಕ್ತೆ’ ಮಾಡಿದ್ದ. ತಿದ್ದಿಸಿದೆ. ತಪ್ಪು ಕಾಗುಣಿತದಲ್ಲಿ ನನ್ನನ್ನು ಯಾರೂ ಬಿಡಬಾರದು. ಸಹಿ ಮಾಡಿದೆ, ಈ ಸಲ ಕಾಗದ ಹರಿಯಲಿಲ್ಲ.

ಮೆಟ್ಟಿಲ ಮೇಲೆ ಅವಳು ಕಾಲಿಗೆ ಬಗ್ಗಲು ಬಂದಳು. ಹಿಂದೆ ಸರಿದೆ. ಕರುಣೆಯಿಂದ ಮಾಡಿದ್ದಲ್ಲ. ಅದೊಂದು ಸ್ಪಷ್ಟವಾಗಿರಲಿ.

“ಏನಂತ ಕರೀಲಿರಿ ಇನ್ನ ಮ್ಯಾಲೆ?” ಅಂದಳು.

“ಅಕ್ಕೋರು ಅಂತೇ ಕರಿ. ಆತ ಇಟ್ಟ ಹೆಸರಲ್ಲ, ನಾ ದುಡಿದ ಹೆಸರು.”

ಫೆಬ್ರುವರಿ 1

ದೆಹಲಿಯಲ್ಲಿ ಬಜೆಟ್. ಟಿವಿ ಮುಂದೆ ಕೊನೆಯವರೆಗೂ ಕೂತೆ. ರಸ್ತೆ ಇತ್ತು, ಬಂದರು ಇತ್ತು. ವಿಧವೆಯರ ಮಾತು ನನ್ನ ಕಿವಿಗೆ ಬೀಳಲಿಲ್ಲ. ಗಂಡ ಬಿಟ್ಟವರದ್ದೂ.

ಮಾರ್ಚ್ 9, ಮಂಗಳವಾರ. ಹನ್ನೊಂದು ಗಂಟೆ

ಊರಲ್ಲಿ ಉಪಚುನಾವಣೆಯ ಗದ್ದಲ ಶುರು. ಬಿಳಿ ಅಂಗಿಯವರಿಬ್ಬರು ಬಂದು, “ಪೆನ್ಷನ್ ಬಂತೇನ್ರಿ ಅಕ್ಕೋರೆ?” ಎಂದು ವಿಚಾರಿಸಿಕೊಂಡು ಹೋದರು. ಬಂದಿಲ್ಲ. ಮಂಜೂರಾತಿ ಇಬ್ಬರಿಗೂ ಆಗಿದೆ, ಹಣ ಇಬ್ಬರಿಗೂ ಬಂದಿಲ್ಲ. ಜಿಜಾಬಾಯಿ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಾಳೆ. ಕೇಳುವುದು ಒಂದೇ: “ನಿಮ್ಮದು ಬಂತೇನ್ರಿ?” ಇಲ್ಲ ಎಂದರೆ ಅವಳ ದನಿಯಲ್ಲಿ ಸಮಾಧಾನ. ನನಗೆ ಗೊತ್ತಾಗುತ್ತದೆ. ಅವಳದ್ದೂ ಬಂದಿಲ್ಲವೆಂದರೆ ನನ್ನ ದನಿಯೂ ಹಾಗೇ ಇರಬೇಕು.

ಈಗಷ್ಟೇ ಭುವನೇಶ್ವರಿ ಕಿಟಕಿಯಿಂದ ಕೂಗಿ ಹೇಳಿದಳು, ಹುಮನಾಬಾದ ಕಡೆ ಬೆಳಿಗ್ಗೆಯಿಂದ ರೊಕ್ಕ ಜಮಾ ಆದ ಮೆಸೇಜುಗಳು ಬರುತ್ತಿವೆಯಂತೆ. ವಿಧವೆಯರದ್ದು ಮೊದಲು.

ನನ್ನ ಮೊಬೈಲ್ ನೋಡಿದೆ. ಏನಿಲ್ಲ.

ಫೋನ್ ಬರುತ್ತಿದೆ. ಅವಳೇ. ಬಡಿದುಕೊಳ್ಳಲಿ ಒಂದಿಷ್ಟು ಹೊತ್ತು. ಅವಳಿಗೇ ಮೊದಲು ಬಂದಿದ್ದರೆ ಆ ಸಮಾಧಾನದ ದನಿಯನ್ನು ನಾನು ಎಲ್ಲಿಂದ ತರಲಿ?