ಮೀಟರಿನ ಹಳೆಯ ಕೀಲಿ

ಗುರುವಾರ, ನವೆಂಬರ್ ೧೪

ತಂಗಿ ಮೇವಿಸ್, ಹೇಗಿದ್ದೀಯೆ? ನಿನ್ನ ಡೆನಿಸ್‌ನ ಮಂಡಿನೋವು ಇಳಿಯಿತೇ? ದಿನಚರಿಗೆ ಕೂತರೂ ಕೈ ಮೊದಲು ನಿನ್ನ ಹೆಸರನ್ನೇ ಬರೆಯುತ್ತದೆ.

ಇವತ್ತು ಮೀಟರ್ ಬದಲಾಯಿತು. ಅಂಗಡಿಯಲ್ಲಿ ಮೀಟರಿನ ಕೀಲಿಗೆ ಮುಂಚೆಯೇ ದುಡ್ಡು ತುಂಬಿಸಿ ತಂದು ಮೀಟರಿಗೆ ಸಿಕ್ಕಿಸುವ ರಗಳೆ ಇನ್ನಿಲ್ಲ. ಉರಿಸಿದ ಮೇಲೆ ಬಿಲ್ಲು ಬರುತ್ತದೆ. ದುಡ್ಡು ಮುಗಿದು ಕರೆಂಟ್ ಹೋದರೆ ತನ್ನ ಆಮ್ಲಜನಕದ ಯಂತ್ರ ನಿಂತೀತೆಂದು ನನ್ನ ಮುದುಕ ವಿಲ್ಫ್ ಮೀಟರ್ ಬದಲಿಸಲು ಒಪ್ಪಿ ಎಂದು ಎರಡು ಚಳಿಗಾಲ ಮನೆ ಮಾಲೀಕರನ್ನು ಕೇಳಿಕೊಂಡ. ಒಪ್ಪಿಗೆ ಬಂದದ್ದು ಅವನನ್ನು ಮಣ್ಣು ಮಾಡಿದ ಮೇಲೆ. ಅಳು ಬರಲಿಲ್ಲ. ಮೀಟರಿನವನಿಗೆ ಚಹಾ ಮಾಡಿಕೊಟ್ಟೆ.

ಸಂಜೆ ಕೋಟು ತೊಟ್ಟು, ಎಂದಿನಂತೆ ಮೀಟರಿನ ಕೀಲಿ ಹಿಡಿದು ಮೂಲೆಯಂಗಡಿಗೆ ಹೋದೆ. ಅದನ್ನು ಕೌಂಟರಿನ ಮೇಲೆ ಇಟ್ಟೂಬಿಟ್ಟೆ.

“ಇದಕ್ಕಿನ್ನು ತುಂಬ್ಸೋಕಾಗಲ್ಲ ಅಜ್ಜಿ, ಮೀಟರ್ ಬದಲಾಯ್ತಲ್ಲ! ಬೆಳಿಗ್ಗೆ ವ್ಯಾನ್ ನೋಡ್ದೆ,” ಎಂದಳು ಅಂಗಡಿಯ ನಸ್ರೀನ್. “ಸುಮ್ನೆ ಬನ್ನಿ. ನನ್ನ ಬಾಗಿಲೇನು ಕೀಲಿ ಕೇಳಲ್ಲ.”

“ಸುಮ್ನೆ ಬರೋದು ಹೇಗಂತ ಮರ್ತೋಗಿದೆ ಕಣೇ,” ಎಂದೆ.

ಕೀಲಿ ಮತ್ತೆ ವಿಲ್ಫ್ ಗೋಡೆಗೆ ಹೊಡೆದಿದ್ದ ಕೊಕ್ಕೆಯಲ್ಲೇ ತೂಗುತ್ತಿದೆ. ನಾಳೆ ಹೊರಗೆ ಹೋಗಲು ಯಾವ ಕೆಲಸವೂ ಇಲ್ಲ. ಈ ಹಾಳೆಯನ್ನೇ ಹರಿದು ನಿನಗೆ ಅಂಚೆಗೆ ಹಾಕುತ್ತೇನೆ. ಬೇಗ ಉತ್ತರ ಬರೆ, ಮೇವಿಸ್. ಅದಕ್ಕೆ ಉತ್ತರ ಹಾಕಲು ನಾನು ಮತ್ತೆ ಅಂಚೆಪೆಟ್ಟಿಗೆಯವರೆಗೆ ನಡೆಯಬೇಕಾಗುತ್ತದಲ್ಲ.